ಹೋಟೆಲು ತಿನಿಸುಗಳ ದರಪಟ್ಟಿಯಲ್ಲಿ ಕ್ಯಾಲೊರಿ ಅಂಕಿ: ಯುವಜನರ ಆಹಾರದ ಆಯ್ಕೆಯ ಮೇಲೆ ಪರಿಣಾಮವೆಷ್ಟು?

ದೇಶದ ದೊಡ್ಡ ಹೋಟೆಲುಗಳು ಹಾಗೂ ಹಲವು ಶಾಖೆಗಳುಳ್ಳ ಉಪಾಹಾರ ಮಳಿಗೆಗಳು ತಾವು ಮಾರುವ ತಿನಿಸುಗಳಲ್ಲಿರುವ ಶಕ್ತಿಯ ಪ್ರಮಾಣವನ್ನು ಗ್ರಾಹಕರಿಗೆ ಕಾಣುವಂತೆ ಪ್ರಕಟಿಸಬೇಕೆಂಬ ನಿಯಮವು 2022ರ ಜುಲೈ 1ರಿಂದ ಜಾರಿಯಲ್ಲಿರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರ ನವೆಂಬರ್‌ನಲ್ಲಿ ಅಧಿಸೂಚಿಸಿದ ಲೇಬಲಿಂಗ್ ಮತ್ತು ಪ್ರದರ್ಶನ ವಿನಿಯಮಗಳಲ್ಲಿ ಈ ನಿಯಮ ಅಡಕವಾಗಿದ್ದು, ಮೊದಲು 2022ರ ಜನವರಿ 1ಕ್ಕೆ ನಿಗದಿಯಾಗಿದ್ದ ಜಾರಿಯ ದಿನಾಂಕವನ್ನು ಆರು ತಿಂಗಳ ಕಾಲ ಮುಂದೂಡಲಾಗಿತ್ತು. ಅಂದಿನಿಂದ ಮಾಲ್‌ಗಳ ಬರ್ಗರ್, ಪಿಜ್ಜಾ, ಕಾಫಿ ಮಳಿಗೆಗಳ ಫಲಕಗಳಲ್ಲಿ ತಿನಿಸಿನ ಹೆಸರು ಮತ್ತು ಬೆಲೆಯ ಪಕ್ಕದಲ್ಲಿ ಮೂರನೆಯದೊಂದು ಅಂಕಿ ಸೇರಿಕೊಂಡಿದೆ. ಈ ಮಳಿಗೆಗಳಿಗೆ ಹೆಚ್ಚಾಗಿ ಭೇಟಿ ನೀಡುವವರು ಹದಿನೆಂಟರಿಂದ ಮೂವತ್ತರ ವಯೋಮಾನದವರು. ಈ ಅಂಕಿಯು ಅವರ ಆಯ್ಕೆಯನ್ನು ಬದಲಿಸುತ್ತಿದೆಯೇ, ಬದಲಿಸದಿದ್ದಲ್ಲಿ ಅದರ ಪ್ರಯೋಜನವೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ನಿಯಮದ ವ್ಯಾಪ್ತಿ

ಕೇಂದ್ರ ಪರವಾನಗಿ ಹೊಂದಿರುವ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಸ್ಥಳಗಳಲ್ಲಿ ಮಳಿಗೆಗಳನ್ನು ಹೊಂದಿರುವ ಆಹಾರ ಸೇವಾ ಸಂಸ್ಥೆಗಳಿಗೆ ಮಾತ್ರ ಈ ನಿಯಮ ಅನ್ವಯಿಸುತ್ತದೆ. ಇಂತಹ ಸಂಸ್ಥೆಗಳು ಮೆನು ಕಾರ್ಡ್, ಫಲಕ ಅಥವಾ ಕಿರುಪುಸ್ತಿಕೆಯಲ್ಲಿ ಪ್ರತಿ ತಿನಿಸಿನ ಎದುರಿಗೆ, ಒಮ್ಮೆ ಬಡಿಸುವ ಪ್ರಮಾಣ ಎಷ್ಟು ಮತ್ತು ಅಷ್ಟರಲ್ಲಿ ಎಷ್ಟು ಕಿಲೋಕ್ಯಾಲೊರಿ ಇದೆ ಎಂಬುದನ್ನು ನಮೂದಿಸಬೇಕು. ಚಟುವಟಿಕೆಯಿಂದಿರುವ ಸಾಮಾನ್ಯ ವಯಸ್ಕರಿಗೆ ದಿನಕ್ಕೆ 2,000 ಕಿಲೋಕ್ಯಾಲೊರಿ ಶಕ್ತಿ ಬೇಕು, ಆದರೆ ಈ ಅಗತ್ಯ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಹುದು ಎಂಬ ಆಶಯದ ವಾಕ್ಯವೂ ಎದ್ದು ಕಾಣುವಂತಿರಬೇಕು. ಒಗ್ಗದಿಕೆ (ಅಲರ್ಜಿ) ಉಂಟುಮಾಡುವ ಪದಾರ್ಥಗಳ ಮಾಹಿತಿಯನ್ನೂ ನೀಡಬೇಕು. ವರ್ಷದಲ್ಲಿ ಅರವತ್ತು ದಿನಗಳಿಗಿಂತ ಕಡಿಮೆ ಅವಧಿ ನಡೆಯುವ ಆಹಾರ ಮಳಿಗೆಗಳಿಗೆ, ಸಮಾರಂಭಗಳ ಅಡುಗೆ ಗುತ್ತಿಗೆದಾರರಿಗೆ ಹಾಗೂ ಗ್ರಾಹಕರ ಕೋರಿಕೆಯಂತೆ ಬದಲಿಸಿ ಮಾಡಿಕೊಡುವ ತಿನಿಸುಗಳಿಗೆ ವಿನಾಯಿತಿ ಇದೆ. ಅಂತರ್ಜಾಲದ ಮೂಲಕ ಊಟ ತಲುಪಿಸುವ ಸಂಸ್ಥೆಗಳು ಹೋಟೆಲುಗಳಿಂದ ಈ ಮಾಹಿತಿ ಪಡೆದು ತಮ್ಮ ತಾಣದಲ್ಲಿ ತೋರಿಸಬೇಕು.

ಈ ಕೊನೆಯ ಅಂಶ ಕರ್ನಾಟಕದ ಮಟ್ಟಿಗೆ ಸಣ್ಣದಲ್ಲ. ಮನೆಬಾಗಿಲಿಗೆ ಊಟ ತಲುಪಿಸುವ ದೇಶದ ಪ್ರಮುಖ ಸಂಸ್ಥೆಗಳಲ್ಲಿ ಒಂದಾದ ಸ್ವಿಗ್ಗಿ 2014ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ. ಪಿ.ಜಿ. ವಸತಿಗೃಹದ ಕೋಣೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಊಟ ತರಿಸಿಕೊಳ್ಳುವ ಯುವಕ ಯುವತಿಯರಿಗೆ ಗೋಡೆಯ ಮೇಲಿನ ಫಲಕ ಕಾಣುವುದೇ ಇಲ್ಲ.

ನಿಯಮದ ಹಿನ್ನೆಲೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24.0 ಮತ್ತು ಪುರುಷರಲ್ಲಿ ಶೇ. 22.9ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಹೊಂದಿದ್ದರು. ಅದಕ್ಕೂ ಮೊದಲಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 20.6 ಮತ್ತು ಶೇ. 18.9 ಆಗಿತ್ತು. ಕರ್ನಾಟಕದಲ್ಲಿ ಇದು ರಾಷ್ಟ್ರೀಯ ಸರಾಸರಿಯನ್ನು ಮೀರಿ, ಮಹಿಳೆಯರು ಮತ್ತು ಪುರುಷರಿಬ್ಬರಲ್ಲಿಯೂ ಶೇ. 30ರ ಆಸುಪಾಸಿನಲ್ಲಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು, ಇನ್ನೂ 13.6 ಕೋಟಿ ಜನರು ಮಧುಮೇಹದ ಹೊಸ್ತಿಲಲ್ಲಿದ್ದಾರೆಂದು ಅಂದಾಜು ಮಾಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮೇ ತಿಂಗಳಿನಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟಕ್ಕೆ ಅನಾರೋಗ್ಯಕರ ಆಹಾರ ಕ್ರಮವೇ ಕಾರಣವೆಂದು ಹೇಳಿದೆ.

ಇದೇ ಸಮೀಕ್ಷೆಯ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ದೇಶದ ಮಹಿಳೆಯರಲ್ಲಿ ಶೇ. 18.7 ಮತ್ತು ಪುರುಷರಲ್ಲಿ ಶೇ. 16.2ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ಒಂದೇ ಕಾಲೇಜಿನ ಒಂದೇ ತರಗತಿಯಲ್ಲಿ ಕ್ಯಾಲೊರಿ ಕಡಿಮೆ ಮಾಡಿಕೊಳ್ಳಬೇಕಾದವರೂ ಹೆಚ್ಚಿಸಿಕೊಳ್ಳಬೇಕಾದವರೂ ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ವಿದೇಶಗಳಲ್ಲಿ ರೂಪುಗೊಂಡ ಕ್ರಮವೊಂದನ್ನು ಇಲ್ಲಿಗೆ ತರುವಾಗ ಈ ವ್ಯತ್ಯಾಸವನ್ನು ಗಮನದಲ್ಲಿಡುವುದು ಅವಶ್ಯ.

ವಿದೇಶಗಳ ಅನುಭವ

ಅಮೆರಿಕದ ನ್ಯೂಯಾರ್ಕ್ ನಗರವು 2008ರಲ್ಲಿ, ಹದಿನೈದು ಅಥವಾ ಹೆಚ್ಚು ಶಾಖೆಗಳುಳ್ಳ ಉಪಾಹಾರ ಮಳಿಗೆಗಳಿಗೆ ಈ ನಿಯಮವನ್ನು ಜಾರಿಗೊಳಿಸಿತು. ಇಡೀ ಅಮೆರಿಕಕ್ಕೆ ಅನ್ವಯಿಸುವ ನಿಯಮಕ್ಕೆ 2010ರ ಆರೋಗ್ಯ ಕಾಯಿದೆಯಲ್ಲಿ ಅವಕಾಶ ಕಲ್ಪಿಸಲಾಯಿತಾದರೂ ಅದು ಜಾರಿಗೆ ಬಂದದ್ದು 2018ರ ಮೇ ತಿಂಗಳಿನಲ್ಲಿ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2017ರ ಜನವರಿಯಿಂದ, ಇಂಗ್ಲೆಂಡಿನಲ್ಲಿ 250 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ 2022ರ ಏಪ್ರಿಲ್ 6ರಿಂದ ಇಂತಹ ನಿಯಮಗಳು ಜಾರಿಯಾದವು. ಹೀಗಾಗಿ ಹದಿನೈದು ವರ್ಷಗಳಿಗೂ ಮಿಕ್ಕಿದ ಅನುಭವ ಈಗ ಅಧ್ಯಯನಕ್ಕೆ ಲಭ್ಯವಿದೆ.

ಅದರ ಫಲಿತಾಂಶವು ಆರಂಭದ ನಿರೀಕ್ಷೆಗೆ ಹೋಲಿಸಿದರೆ ಸಾಧಾರಣವಾದುದು. ವಿವಿಧ ದೇಶಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯು 2025ರ ಜನವರಿಯಲ್ಲಿ 25 ಅಧ್ಯಯನಗಳ ಪರಾಮರ್ಶೆಯನ್ನು ಪ್ರಕಟಿಸಿತು. ಕ್ಯಾಲೊರಿ ಅಂಕಿಯನ್ನು ಕಂಡ ಗ್ರಾಹಕರು ಆಯ್ದುಕೊಂಡ ಆಹಾರದಲ್ಲಿ ಸರಾಸರಿ ಶೇ. 1.8ರಷ್ಟು ಶಕ್ತಿ ಕಡಿಮೆಯಿತ್ತು. 600 ಕಿಲೋಕ್ಯಾಲೊರಿಯ ಒಂದು ಊಟದಲ್ಲಿ ಇದು ಸುಮಾರು 11 ಕಿಲೋಕ್ಯಾಲೊರಿ, ಅಂದರೆ ಅರ್ಧ ಚಹಾ ಚಮಚ ಸಕ್ಕರೆಗಿಂತ ತುಸು ಹೆಚ್ಚು. ಇದೇ ಸಂಸ್ಥೆಯ 2018ರ ಪರಾಮರ್ಶೆಯಲ್ಲಿ ಇಳಿಕೆಯ ಅಂದಾಜು ಶೇ. 7.8 ಇತ್ತು. ಆ ಅಂದಾಜು ಕೆಲವೇ ಅಧ್ಯಯನಗಳನ್ನು ಆಧರಿಸಿತ್ತು. ಪುರಾವೆ ಹೆಚ್ಚಿದಂತೆ ಪರಿಣಾಮದ ಅಂದಾಜು ಕುಗ್ಗಿದೆ.

ಇಂಗ್ಲೆಂಡಿನ ಅನುಭವವೂ ಇದಕ್ಕೆ ಪೂರಕವಾಗಿದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ನಿಯಮ ಜಾರಿಗೆ ಮೊದಲು ಮತ್ತು ನಂತರ ಆರು ಸಾವಿರಕ್ಕೂ ಹೆಚ್ಚು ಗ್ರಾಹಕರನ್ನು ಹೋಟೆಲುಗಳಲ್ಲಿಯೇ ಸಮೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿದರು. ಕ್ಯಾಲೊರಿ ಅಂಕಿಯನ್ನು ಗಮನಿಸಿದವರ ಪ್ರಮಾಣವು ಸುಮಾರು ಶೇ. 17ರಿಂದ ಶೇ. 32ಕ್ಕೆ ಏರಿತ್ತು. ಆದರೆ ಕೊಂಡ ಅಥವಾ ತಿಂದ ಆಹಾರದ ಒಟ್ಟು ಕ್ಯಾಲೊರಿಯಲ್ಲಿ ಗಣನೀಯ ಇಳಿಕೆ ಕಂಡುಬರಲಿಲ್ಲ. ನಿಯಮ ಬಂದ ಮೇಲೆಯೂ ಮೂವರಲ್ಲಿ ಇಬ್ಬರು ಅಂಕಿಯನ್ನು ನೋಡಿಯೇ ಇರಲಿಲ್ಲ ಎಂಬುದನ್ನೂ ಇದರಿಂದ ತಿಳಿಯಬಹುದು.

ಎಳೆಯರ ವಿಷಯದಲ್ಲಿ ನ್ಯೂಯಾರ್ಕಿನ ಅಧ್ಯಯನವೊಂದು ಉಲ್ಲೇಖನೀಯ. ಅಲ್ಲಿನ ಕಡಿಮೆ ಆದಾಯದ ಬಡಾವಣೆಗಳ ಮಕ್ಕಳು ಮತ್ತು ಹದಿಹರೆಯದವರನ್ನು ಕುರಿತ ಈ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹದಿಹರೆಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂಕಿಯನ್ನು ಗಮನಿಸಿದ್ದರು. ಅದನ್ನು ಪರಿಗಣಿಸಿ ತಿನಿಸು ಆರಿಸಿದೆವೆಂದವರು ಮಾತ್ರ ಹತ್ತರಲ್ಲಿ ಒಬ್ಬರಷ್ಟೇ. ಕೊಂಡ ಕ್ಯಾಲೊರಿಯಲ್ಲಿ ವ್ಯತ್ಯಾಸವಾಗಲಿಲ್ಲ. ರುಚಿಯೇ ಮೊದಲ ಕಾರಣವಾಗಿತ್ತು. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಸ್ನೇಹಿತರೊಡನೆ ಹೋಟೆಲಿಗೆ ಹೋದವರು ಲೆಕ್ಕ ಹಾಕಲು ಹೋಗಿರುವುದಿಲ್ಲ.

ಹಾಗೆಂದು ನಿಯಮ ನಿಷ್ಫಲವೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ನ್ಯೂಯಾರ್ಕಿನ ಸ್ಟಾರ್‌ಬಕ್ಸ್ ಕಾಫಿ ಮಳಿಗೆಗಳ ಮಾರಾಟದ ದಾಖಲೆಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನದಲ್ಲಿ ಪ್ರತಿ ಖರೀದಿಯ ಸರಾಸರಿ ಕ್ಯಾಲೊರಿ ಶೇ. 6ರಷ್ಟು, ಅಂದರೆ 247ರಿಂದ 232ಕ್ಕೆ ಇಳಿದಿತ್ತು. ಇಳಿಕೆ ಬಹುತೇಕ ಪೂರ್ತಿ ತಿನಿಸುಗಳಲ್ಲಿ; ಪಾನೀಯಗಳ ಆಯ್ಕೆ ಬದಲಾಗಿರಲಿಲ್ಲ. ಜನರು ಕಾಫಿಯನ್ನು ಬಿಡಲಿಲ್ಲ, ಅದರ ಜೊತೆಗೆ ಕೇಕು ಕೊಳ್ಳುವುದನ್ನು ಕಡಿಮೆ ಮಾಡಿದರು. ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಬಂದ ವಸ್ತುವಿನ ಮೇಲೆ ಅಂಕಿಯ ಪ್ರಭಾವ ಕಡಿಮೆ, ಆ ಕ್ಷಣದ ಆಸೆಯಿಂದ ಸೇರಿಸಿಕೊಳ್ಳುವ ವಸ್ತುವಿನ ಮೇಲೆ ಹೆಚ್ಚು ಎಂಬುದಕ್ಕೆ ಇದು ಪುಷ್ಟಿ ನೀಡುತ್ತದೆ. ಬರ್ಗರಿನ ಜೊತೆಗೆ ಆಲೂಗಡ್ಡೆಯ ಫ್ರೈಸ್ ಮತ್ತು ತಂಪು ಪಾನೀಯವನ್ನು ಕಟ್ಟಿಕೊಡುವ 'ಕಾಂಬೊ' ಮಾರಾಟವು ಬೇಡಿಕೆಯನ್ನು ಇದೇ ಜಾಗದಲ್ಲಿ ಹಿಗ್ಗಿಸುತ್ತದೆ. ಹಾಗಾಗಿ ಕಾಂಬೊಗಳ ಒಟ್ಟು ಅಂಕಿ ಸ್ಪಷ್ಟವಾಗಿ ಕಾಣುವುದು ಬಿಡಿ ತಿನಿಸಿನ ಅಂಕಿಗಿಂತಲೂ ಮುಖ್ಯ.

ಗ್ರಾಹಕರಿಗಿಂತ ಹೆಚ್ಚಾಗಿ ಈ ಅಂಕಿಯನ್ನು ಓದುವವರು ತಯಾರಕರೇ ಇರಬಹುದು. ಅಮೆರಿಕದ ದೊಡ್ಡ ಉಪಾಹಾರ ಮಳಿಗೆಗಳ ಮೆನುಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ರಾಷ್ಟ್ರವ್ಯಾಪಿ ನಿಯಮ ಬಂದ ನಂತರ ಹೊಸದಾಗಿ ಸೇರಿಸಿದ ತಿನಿಸುಗಳಲ್ಲಿ ಅದಕ್ಕೆ ಮೊದಲು ಸೇರಿಸುತ್ತಿದ್ದ ತಿನಿಸುಗಳಿಗಿಂತ ಸುಮಾರು ಕಾಲುಭಾಗ ಕ್ಯಾಲೊರಿ ಕಡಿಮೆಯಿತ್ತು. ಹಳೆಯ ತಿನಿಸುಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬೆಲೆಯ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಬರೆಯಲು ಯಾವ ವ್ಯಾಪಾರಿಯೂ ಇಷ್ಟಪಡುವುದಿಲ್ಲವೆಂಬುದು ಇದಕ್ಕೆ ಕಾರಣವಿರಬಹುದು. ಗ್ರಾಹಕನು ಅಂಕಿಯನ್ನು ಓದದಿದ್ದರೂ ಅದರ ಲಾಭ ಅವನ ತಟ್ಟೆಗೆ ತಲುಪುವ ದಾರಿ ಇದು.

2,000 ಎಂಬ ಅಂಕಿ ಯಾರಿಗೆ?

ಫಲಕದ ಅಂಕಿಗೆ ಅರ್ಥ ಬರುವುದು ದಿನದ ಅಗತ್ಯದೊಂದಿಗೆ ಅದನ್ನು ಹೋಲಿಸಿದಾಗ ಮಾತ್ರ. ಅದಕ್ಕೆಂದೇ 2,000ದ ವಾಕ್ಯವನ್ನು ಕಡ್ಡಾಯಗೊಳಿಸಲಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪೋಷಕಾಂಶಗಳ ಅಗತ್ಯದ ಪಟ್ಟಿಯನ್ನು ಇದರ ಜೊತೆಗಿಟ್ಟು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಕುಳಿತು ಕೆಲಸ ಮಾಡುವ, 55 ಕಿ.ಗ್ರಾಂ ತೂಕದ ಮಹಿಳೆಗೆ ದಿನಕ್ಕೆ 1,660 ಕಿಲೋಕ್ಯಾಲೊರಿ ಸಾಕು. ಕುಳಿತು ಕೆಲಸ ಮಾಡುವ, 65 ಕಿ.ಗ್ರಾಂ ತೂಕದ ಪುರುಷನಿಗೆ 2,110 ಬೇಕು. ಮಧ್ಯಮ ಶ್ರಮದ ಕೆಲಸವಾದರೆ ಮಹಿಳೆಗೆ 2,130, ಪುರುಷನಿಗೆ 2,710. ಕಠಿಣ ದೈಹಿಕ ಶ್ರಮವಾದರೆ ಮಹಿಳೆಗೆ 2,720, ಪುರುಷನಿಗೆ 3,470.

ಸಾಫ್ಟ್‌ವೇರ್ ಕಂಪನಿಯಲ್ಲಿ ದಿನವಿಡೀ ಗಣಕಯಂತ್ರದ ಮುಂದೆ ಕುಳಿತಿರುವ ಯುವತಿ, ಅದೇ ಕಟ್ಟಡದ ಭದ್ರತಾ ಸಿಬ್ಬಂದಿ, ಪಕ್ಕದ ನಿವೇಶನದಲ್ಲಿ ಸಿಮೆಂಟು ಹೊರುವ ಕಾರ್ಮಿಕ, ಮೂವರೂ ಒಂದೇ ಫಲಕದ ಎದುರು ನಿಂತರೆ ಒಂದೇ ವಾಕ್ಯವು ಮೂವರಿಗೂ ಬೇರೆ ಬೇರೆ ತಪ್ಪು ಲೆಕ್ಕ ಕೊಡುತ್ತದೆ. ಯುವತಿಯ ಪಾಲಿಗೆ ಅದು ದಿನಕ್ಕೆ 340 ಕಿಲೋಕ್ಯಾಲೊರಿ ಹೆಚ್ಚು. ಕಾರ್ಮಿಕನ ಪಾಲಿಗೆ 1,470 ಕಡಿಮೆ. ಅಗತ್ಯವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಹುದು ಎಂಬ ಉತ್ತರಾರ್ಧ ಎಷ್ಟೇ ಸರಿಯಾದರೂ ಎಷ್ಟು ಬೇರೆ ಎಂಬುದನ್ನು ಅದು ತಿಳಿಸುವುದಿಲ್ಲ. ಅಲ್ಲದೆ ಈ ವಾಕ್ಯ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಫಲಕದ ಕೆಳ ಅಂಚಿನಲ್ಲಿ, ಚಿಕ್ಕ ಅಕ್ಷರಗಳಲ್ಲಿ ಇರುತ್ತದೆ. ಕನ್ನಡದಲ್ಲಿಯೂ ಇದ್ದರೆ ಓದುವವರು ಹೆಚ್ಚುವುದರಲ್ಲಿ ಸಂದೇಹವಿಲ್ಲ.

ಒಮ್ಮೆ ಬಡಿಸುವ ಪ್ರಮಾಣವೂ ಗೊಂದಲಕ್ಕೆ ಎಡೆಮಾಡುತ್ತದೆ. ಪಿಜ್ಜಾದಂತಹ ಹಂಚಿಕೊಂಡು ತಿನ್ನುವ ತಿನಿಸಿನಲ್ಲಿ ನಮೂದಾದ ಅಂಕಿ ಒಂದು ತುಂಡಿಗೋ ಇಡೀ ಪಿಜ್ಜಾಕ್ಕೋ ಎಂಬುದನ್ನು ನೋಡಿಕೊಳ್ಳಬೇಕು. ಬಿರಿಯಾನಿ ಒಬ್ಬರಿಗೋ ಇಬ್ಬರಿಗೋ ಎಂಬ ಪ್ರಶ್ನೆಯೂ ಇದೇ ಬಗೆಯದು.

ಅಂಕಿ ಹೇಳದ ಸಂಗತಿಗಳು

ಕ್ಯಾಲೊರಿಯು ಆಹಾರದಲ್ಲಿರುವ ಶಕ್ತಿಯ ಅಳತೆ ಮಾತ್ರ; ಆಹಾರದ ಗುಣದ ಅಳತೆಯಲ್ಲ. ಒಂದು ಗ್ರಾಂ ಕೊಬ್ಬಿನಿಂದ 9, ಒಂದು ಗ್ರಾಂ ಪಿಷ್ಟ, ಸಕ್ಕರೆ ಅಥವಾ ಪ್ರೋಟೀನಿನಿಂದ 4 ಕಿಲೋಕ್ಯಾಲೊರಿ ದೊರೆಯುತ್ತದೆ. ಕೋಲಾ ಮಾದರಿಯ ತಂಪು ಪಾನೀಯದ 100 ಮಿ.ಲೀ.ನಲ್ಲಿ ಸಾಮಾನ್ಯವಾಗಿ 10 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. 300 ಮಿ.ಲೀ. ಕುಡಿದವರಿಗೆ 30 ಗ್ರಾಂ, ಅಂದರೆ ಆರು ಚಹಾ ಚಮಚ ಸಕ್ಕರೆ. ಶಕ್ತಿ ಸುಮಾರು 120 ಕಿಲೋಕ್ಯಾಲೊರಿ. ಇಪ್ಪತ್ತು ಗ್ರಾಂನಷ್ಟು, ಅಂದರೆ ಒಂದು ಸಣ್ಣ ಹಿಡಿ ಕಡಲೆಕಾಯಿ ಬೀಜದಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ ಶಕ್ತಿ ಇದೆ. ಬೀಜದಲ್ಲಿ ಸುಮಾರು ಐದು ಗ್ರಾಂ ಪ್ರೋಟೀನು, ಜೊತೆಗೆ ನಾರಿನಂಶವಿದೆ. ಪಾನೀಯದಲ್ಲಿ ಎರಡೂ ಇಲ್ಲ. ಫಲಕದ ಮೇಲೆ ಮಾತ್ರ ಇವೆರಡೂ ಸರಿಸಮಾನವಾಗಿ ನಿಲ್ಲುತ್ತವೆ.

ನೂರು ಗ್ರಾಂ ರಾಗಿ ಹಿಟ್ಟಿನಿಂದ ಮಾಡಿದ ಮುದ್ದೆಯಲ್ಲಿ ಸುಮಾರು 320 ಕಿಲೋಕ್ಯಾಲೊರಿ ಇರುತ್ತದೆ. ಅಂಕಿಯನ್ನಷ್ಟೇ ನೋಡುವ ಯುವತಿಯೊಬ್ಬಳಿಗೆ ಅದು ದುಬಾರಿಯಾಗಿ ಕಾಣಬಹುದು. ಆ ಮುದ್ದೆಯಲ್ಲಿ 360 ಮಿ.ಗ್ರಾಂಗೂ ಮಿಕ್ಕಿದ ಸುಣ್ಣದ ಅಂಶವಿರುವುದನ್ನು ಯಾವ ಕ್ಯಾಲೊರಿ ಫಲಕವೂ ಹೇಳದು. ಉಪ್ಪಿನ ವಿಷಯವೂ ಹೀಗೆಯೇ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪಿನಲ್ಲಿ ಕ್ಯಾಲೊರಿ ಇಲ್ಲದ ಕಾರಣ ಅದು ಈ ಲೆಕ್ಕದಿಂದಲೇ ಹೊರಗುಳಿಯುತ್ತದೆ.

ಲೆಕ್ಕದ ಗೀಳು ಹತ್ತಿಕೊಂಡರೆ ಆಗುವ ಹಾನಿಯೂ ಉಂಟು. ಊಟ ತಿರಸ್ಕರಿಸುವ, ತಿಂದದ್ದಕ್ಕೆ ಪರಿತಪಿಸುವ ಮನೋವ್ಯಾಧಿಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯ ಮತ್ತು ಯೌವನದ ಆರಂಭದಲ್ಲಿ. ಇಂಗ್ಲೆಂಡಿನಲ್ಲಿ ನಿಯಮ ರೂಪುಗೊಳ್ಳುವಾಗ ಇಂತಹ ರೋಗಿಗಳ ಪರವಾಗಿ ಕೆಲಸ ಮಾಡುವ ಸಂಸ್ಥೆಗಳು ಆಕ್ಷೇಪ ವ್ಯಕ್ತಪಡಿಸಿದ್ದವು. ಗ್ರಾಹಕರು ಕೇಳಿದಲ್ಲಿ ಕ್ಯಾಲೊರಿ ಅಂಕಿಯಿಲ್ಲದ ಮೆನುವನ್ನು ನೀಡಲು ಅಲ್ಲಿನ ನಿಯಮದಲ್ಲಿ ಅವಕಾಶ ಕಲ್ಪಿಸಲಾಗಿದೆ. ಕಡಿಮೆ ತೂಕದ ಯುವತಿಯರು ಇಷ್ಟೊಂದು ಸಂಖ್ಯೆಯಲ್ಲಿರುವ ನಮ್ಮ ದೇಶದಲ್ಲಿಯೂ ಇದು ಪರಿಶೀಲನಾರ್ಹ.

ಅಂಕಿ ತಲುಪದ ಅಡುಗೆಮನೆಗಳು

ಮೇಲಿನ ಎಲ್ಲಕ್ಕಿಂತಲೂ ದೊಡ್ಡ ಪ್ರಶ್ನೆ ಬೇರೊಂದಿದೆ. ಕರ್ನಾಟಕದ ಯುವಜನರು ದಿನನಿತ್ಯ ಹೊರಗೆ ತಿನ್ನುವುದು ಎಲ್ಲಿ? 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಈಗ ಬಡಾವಣೆಗೊಂದರಂತಿರುವ ದರ್ಶಿನಿಗಳು, ಕಾಲೇಜು ಕ್ಯಾಂಟೀನುಗಳು, ಹಾಸ್ಟೆಲ್ ಮೆಸ್ಸುಗಳು, ಖಾನಾವಳಿಗಳು, ಸಂಜೆಯ ಪಾನಿಪೂರಿ ಮತ್ತು ಗೋಬಿ ಮಂಚೂರಿ ಗಾಡಿಗಳು, ಬೇಕರಿಗಳು. ಹತ್ತು ಶಾಖೆಗಳ ಮಿತಿಯಿಂದಾಗಿ ಇವುಗಳಲ್ಲಿ ಬಹುಪಾಲು ನಿಯಮದ ಹೊರಗಿವೆ. ತಿಂಗಳಿಗೊಮ್ಮೆ ಹೋಗುವ ಮಾಲಿನಲ್ಲಿ ಅಂಕಿ ಇದೆ, ಪ್ರತಿದಿನ ಹೋಗುವ ಬೀದಿಯಲ್ಲಿ ಇಲ್ಲ.

ಇದು ನಿಯಮ ರೂಪಿಸಿದವರ ಮರೆವಲ್ಲ. ಒಂದೇ ಪಾಕವಿಧಾನ, ಒಂದೇ ತೂಕ, ಯಂತ್ರದಿಂದ ಅಳೆದ ಎಣ್ಣೆ ಇರುವಲ್ಲಿ ಮಾತ್ರ ಅಂಕಿಯನ್ನು ನಂಬಲರ್ಹವಾಗಿ ಬರೆಯಲು ಸಾಧ್ಯ. ಕಾವಲಿಯ ಮೇಲಿನ ಮಸಾಲೆ ದೋಸೆಗೆ ಭಟ್ಟರು ಇಂದು ಎರಡು ಚಮಚ ಎಣ್ಣೆ ಬಿಡುತ್ತಾರೆ, ನಾಳೆ ಮೂರು. ಐದು ಗ್ರಾಂನ ಒಂದು ಚಮಚ ಎಣ್ಣೆಗೆ 45 ಕಿಲೋಕ್ಯಾಲೊರಿಯಂತೆ ಅಂಕಿ ಬದಲಾಗುತ್ತಾ ಹೋಗುತ್ತದೆ. ಮೇಲೆ ಹಾಕುವ ಬೆಣ್ಣೆಯ ಮುದ್ದೆಯ ಲೆಕ್ಕ ಬೇರೆ. ಗಾಡಿಯ ವ್ಯಾಪಾರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ.

ಹಾಗಾದರೆ ಅಲ್ಲಿ ಯಾವ ಕ್ರಮ ಸಾಧ್ಯ? ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣದ ಬಳಕೆಯನ್ನು, ಅದೇ ವರ್ಷದ ಜೂನ್‌ನಲ್ಲಿ ಕಬಾಬುಗಳಲ್ಲಿ ಅಂತಹ ಬಣ್ಣದ ಬಳಕೆಯನ್ನು ನಿಷೇಧಿಸಿತು. ಅದು ವಿಷಕಾರಿ ವಸ್ತುವಿನ ಪ್ರಶ್ನೆಯಾದುದರಿಂದ ನಿಷೇಧ ಸಹಜವಾಗಿತ್ತು. ಎಣ್ಣೆ, ಸಕ್ಕರೆಗಳ ವಿಷಯದಲ್ಲಿ ಆ ದಾರಿ ಇಲ್ಲ. ನೆರೆಯ ಕೇರಳ ರಾಜ್ಯವು 2016ರಲ್ಲಿ ಬ್ರಾಂಡ್ ಹೆಸರಿನ ಹೋಟೆಲುಗಳು ಮಾರುವ ಬರ್ಗರ್, ಪಿಜ್ಜಾ ಮುಂತಾದವುಗಳ ಮೇಲೆ ಶೇ. 14.5ರ ತೆರಿಗೆ ವಿಧಿಸಿತ್ತು. ಮರುವರ್ಷ ಸರಕು ಮತ್ತು ಸೇವಾ ತೆರಿಗೆ ಬಂದೊಡನೆ ಅದು ಕೊನೆಗೊಂಡಿತು. ಆ ತೆರಿಗೆಯೂ ದೊಡ್ಡ ಮಳಿಗೆಗಳನ್ನೇ ಗುರಿಯಾಗಿಸಿತ್ತೇ ಹೊರತು ಬೀದಿಯ ಬಾಣಲೆಯನ್ನಲ್ಲ.

2025ರ ಬೆಳವಣಿಗೆಗಳು ಬೇರೊಂದು ದಿಕ್ಕನ್ನು ಸೂಚಿಸುತ್ತವೆ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು ಆ ವರ್ಷದ ಮೇ ತಿಂಗಳಿನಲ್ಲಿ ತನ್ನ ಶಾಲೆಗಳು 'ಸಕ್ಕರೆ ಫಲಕ'ಗಳನ್ನು ಹಾಕಬೇಕೆಂದು ಸೂಚಿಸಿತು. 11ರಿಂದ 18 ವರ್ಷದವರ ದಿನದ ಕ್ಯಾಲೊರಿಯಲ್ಲಿ ಶೇ. 15ರಷ್ಟು ಸಕ್ಕರೆಯಿಂದಲೇ ಬರುತ್ತಿದ್ದು, ಇರಬೇಕಾದ ಮಿತಿ ಶೇ. 5 ಎಂದು ಆ ಸುತ್ತೋಲೆಯಲ್ಲಿ ತಿಳಿಸಲಾಗಿತ್ತು. ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸರ್ಕಾರಿ ಕಚೇರಿಗಳು ಹಾಗೂ ಸಂಸ್ಥೆಗಳಲ್ಲಿ ಎಣ್ಣೆ ಮತ್ತು ಸಕ್ಕರೆಯ ಮಾಹಿತಿ ಫಲಕಗಳನ್ನು ಅಳವಡಿಸುವಂತೆ ಸಲಹೆ ನೀಡಿತು. ಸಮೋಸ, ಜಿಲೇಬಿಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಲಾಗುವುದೆಂಬ ಸುದ್ದಿ ಹಬ್ಬಿದಾಗ, ಬೀದಿ ವ್ಯಾಪಾರಿಗಳ ತಿನಿಸುಗಳ ಮೇಲೆ ಅಂತಹ ಯಾವ ಚೀಟಿಯನ್ನೂ ಸೂಚಿಸಿಲ್ಲವೆಂದು ಜುಲೈನಲ್ಲಿ ಸರ್ಕಾರ ಸ್ಪಷ್ಟಪಡಿಸಿತು. ತಿನಿಸೊಂದರ ನಿಖರ ಕ್ಯಾಲೊರಿಯನ್ನು ಹೇಳುವ ಬದಲು, ಸಾಮಾನ್ಯ ತಿನಿಸುಗಳಲ್ಲಿ ಎಷ್ಟು ಚಮಚ ಎಣ್ಣೆ, ಎಷ್ಟು ಚಮಚ ಸಕ್ಕರೆ ಇರುತ್ತದೆಂದು ಹೇಳುವ ವಿಧಾನವಿದು. ಚಮಚದ ಲೆಕ್ಕ ಎಲ್ಲ ಅಡುಗೆಮನೆಗಳಿಗೂ ಪರಿಚಿತ. ನಿಖರತೆ ಕಡಿಮೆಯಾದರೂ ಅರ್ಥವಾಗುವ ಗುಣ ಇದಕ್ಕೆ ಹೆಚ್ಚು. ಕಾಲೇಜು ಕ್ಯಾಂಟೀನು ಮತ್ತು ವಿದ್ಯಾರ್ಥಿ ನಿಲಯಗಳಿಗೆ ಇದೇ ಹೆಚ್ಚು ಒಗ್ಗುವಂತೆ ತೋರುತ್ತದೆ. ವಿದ್ಯಾರ್ಥಿ ನಿಲಯದಲ್ಲಿ ಆಯ್ಕೆಯೇ ಇಲ್ಲದೆ ಒಂದೇ ಅಡುಗೆ ಬಡಿಸುವುದರಿಂದ, ಫಲಕಕ್ಕಿಂತ ಅಡುಗೆಯವರ ತರಬೇತಿಗೆ ಹೆಚ್ಚಿನ ಫಲ ಸಿಗಬಹುದೆಂಬುದನ್ನೂ ಸೇರಿಸಿ ಹೇಳಬೇಕು.

ಗ್ರಾಹಕರಿಗಿರುವ ಅವಕಾಶಗಳು

ನಿಯಮದ ವ್ಯಾಪ್ತಿಗೆ ಬರುವ ಮಳಿಗೆಯಲ್ಲಿ ಫಲಕದ ಅಂಕಿಯಷ್ಟೇ ಅಲ್ಲದೆ, ತಿನಿಸಿನ ಪೋಷಕಾಂಶಗಳ ವಿವರಗಳನ್ನೂ ಗ್ರಾಹಕರು ಕೇಳಿ ಪಡೆಯಬಹುದು. ಕಿರುಪುಸ್ತಿಕೆ, ಕರಪತ್ರ ಅಥವಾ ತನ್ನ ಅಂತರ್ಜಾಲ ತಾಣದ ಮೂಲಕ ಮಳಿಗೆಯು ಅದನ್ನು ಒದಗಿಸಬೇಕು. ಈ ಅವಕಾಶ ಬಹಳ ಮಂದಿಗೆ ತಿಳಿದಂತಿಲ್ಲ. ಬೆಣ್ಣೆ ಬೇಡ, ಚೀಸ್ ಬೇಡ, ಸಕ್ಕರೆ ಅರ್ಧ ಇರಲಿ ಎಂದು ಕೇಳಿ ಬದಲಿಸಿಕೊಂಡ ತಿನಿಸಿಗೆ ಫಲಕದ ಅಂಕಿ ಅನ್ವಯಿಸುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅಂಕಿ ಪ್ರಕಟಿಸದ ಮಳಿಗೆಗಳ ಬಗ್ಗೆ ಪ್ರಾಧಿಕಾರದ 'ಫುಡ್ ಸೇಫ್ಟಿ ಕನೆಕ್ಟ್' ತಾಣದ ಮೂಲಕ ಅಥವಾ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಲಿಖಿತವಾಗಿ ದೂರು ಸಲ್ಲಿಸಬಹುದು. ದೂರಿನಲ್ಲಿ ಮಳಿಗೆಯ ಹೆಸರು, ವಿಳಾಸ ಹಾಗೂ ಬಿಲ್ಲಿನ ಮೇಲೆ ಅಥವಾ ಗೋಡೆಯ ಮೇಲೆ ಕಾಣುವ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆಯನ್ನು ನಮೂದಿಸಿದರೆ ಪರಿಶೀಲನೆ ಸುಲಭವಾಗುತ್ತದೆ.